ನೀರು ಹಾಕಬೇಡ, ಹೀರಾ!

"ಏಯ್! ನಿಲ್ಲು! ಒಲೆಗೆ ಹಾಕ್ಬೇಡ ಅದನ್ನ!"

ಹೀರಾ ತಿರುಗಿ ನೋಡುವಷ್ಟರಲ್ಲಿ ಉದ್ದನೆಯ ಆಳೊಬ್ಬ ಮಾಳಿಗೆಯ ಏಣಿಯನ್ನು ಎರಡೇ ನೆಗೆತಕ್ಕೆ ಇಳಿದು, ಅವಳನ್ನು ಪಕ್ಕಕ್ಕೆ ಸರಿಸಿ, ಬಚ್ಚಲ ಒಲೆಯ ಬೆಂಕಿಯೊಳಗೆ ಬರಿಗೈ ಹಾಕಿಬಿಟ್ಟಿದ್ದ!

"ಅಯ್ಯೋ ದೇವರೇ...!" ಹೀರಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಹಂಡೆಯ ಬುಡದಿಂದ ಅವನು ಎಳೆದು ತೆಗೆದದ್ದಾದರೂ ಏನು? ಬಂಗಾರವಲ್ಲ, ಮನೆಯ ಕಾಗದಪತ್ರವೂ ಅಲ್ಲ. ಅಂಗೈಯಗಲದ ಒಂದು ಮರದ ತೊಗಟೆ. ಅದಕ್ಕೆ ಕಚ್ಚಿಕೊಂಡಿದ್ದ ಹುರುಳಿಕಾಳಿನಷ್ಟು ದೊಡ್ಡ ಐದಾರು ಒಣ ಗಂಟುಗಳು. ಎಲೆ ಇಲ್ಲ, ಚಿಗುರು ಇಲ್ಲ. ಅವನು ಅದನ್ನು ಊದಿ ಊದಿ ಬೂದಿ ಕೊಡವುತ್ತಿದ್ದ.

"ಒಣಕಟ್ಟಿಗೆಗೆ ಇಷ್ಟು ರಂಪ ಎಂತಕೆ?" ಹೆದರಿಕೆ ಇಳಿದ ಮೇಲೆ ಹೀರಾಳಿಗೆ ಸಿಟ್ಟು ಬಂತು. "ಏಣಿ ಹತ್ರ ಬಿದ್ದಿತ್ತು. ಸತ್ತದ್ದು ಅಂದ್ಕಂಡೆ."

"ಸತ್ತಿಲ್ಲ ಇದು. ಮಲಗ್ಯದೆ."

"ಕಟ್ಟಿಗೆ ಮಲಗ್ತದಾ?"

ಅವನು ಇನ್ನೂ ಬೂದಿ ಕೊಡವುತ್ತಲೇ ಇದ್ದ. ಆಗ ಅವಳ ಕಣ್ಣು ಅವನ ಬೆರಳುಗಳ ಮೇಲೆ ಬಿತ್ತು. ಮೂರು ಬೆರಳು ಕೆಂಪಾಗಿ ಬೊಕ್ಕೆ ಏಳುತ್ತಿದ್ದವು. ಅವಳ ಸಿಟ್ಟು ಅಲ್ಲಿಗೇ ನಿಂತಿತು. ಹಿತ್ತಿಲಿಗೆ ಓಡಿ ಲೋಳೆಸರದ ಒಂದು ಎಸಳು ಮುರಿದು ತಂದು, ಅವನ ಕೈ ಹಿಡಿದು ಸವರತೊಡಗಿದಳು.

'ಹಲ್ಲು ಕಚ್ಚಿ ನಿಂತಿದ್ದಾನೆ... ಒಂದು ಬೈಗುಳವನ್ನೂ ಬೈಯಲಿಲ್ಲವಲ್ಲ ಈ ಮನುಷ್ಯ!'

ಅದು ಹೀರಾ ಕಾರವಾರಕ್ಕೆ ಬಂದ ಮರುದಿನ ಬೆಳಗ್ಗೆ. ಕೋಡಿಬಾಗದಲ್ಲಿ ಕಾಳಿ ನದಿ ಸಮುದ್ರ ಸೇರುವ ಕಡೆ ಅವಳ ಮಾವಶಿ ದುರ್ಗಿಯ ಹೆಂಚಿನ ಮನೆ. ದುರ್ಗಿಯ ಮೊಣಕಾಲು ಬಾತು ಮೀನಿನ ಬುಟ್ಟಿ ಹೊತ್ತು ಪೇಟೆಗೆ ಹೋಗುವುದು ಕಷ್ಟವಾದಾಗ, ಅಂಕೋಲೆಯ ಕಡೆಯ ಹಾರವಾಡದಿಂದ ತೀರಿಹೋದ ತಂಗಿಯ ಮಗಳನ್ನು ಕರೆಸಿಕೊಂಡಿದ್ದಳು. ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹದ ಗಲಾಟೆ ನಡೆದು ಐದಾರು ವರ್ಷವಾಗಿದ್ದ ಕಾಲ ಅದು.

ಬಂದವಳು ಸುಮ್ಮನೆ ಕೂತಳೇ? ಹೀರಾಳ ಕೈಗೆ ಸುಮ್ಮನಿರುವುದು ಗೊತ್ತೇ ಇಲ್ಲ! ಕೋಳಿ ಕೂಗುವ ಮೊದಲೇ ಎದ್ದು ಅಂಗಳ ಗುಡಿಸಿ, ಬಲೆ ಕೊಡವಿ, ಮನೆಯಲ್ಲಿ ಒಣಗಿದ್ದೆಲ್ಲವನ್ನೂ ಆರಿಸಿ ಒಲೆಗೆ ಹಾಕಿದ್ದಳು. ಆ ಒಣಗಿದ್ದರಲ್ಲಿ ಮಾಳಿಗೆಯಲ್ಲಿ ಬಾಡಿಗೆಗಿದ್ದ ಜಟ್ಟಪ್ಪನ ಗಿಡವೂ ಒಂದು ಸೇರಿಹೋಗಿತ್ತು.

ಜಟ್ಟಪ್ಪ ಮೀನುಗಾರರ ಮಗನೇ. ಅಪ್ಪನೊಡನೆ ಬಲೆ ಎಳೆದವನು. ಅಪ್ಪ ತೀರಿಕೊಂಡ ಮೇಲೆ ದೋಣಿ ಬಿಟ್ಟು ನದಿ ದಂಡೆಯ ಮರದ ಡಿಪೋ ಸೇರಿದ್ದ. ಮೇಲಿನ ಕಾಡಿನಲ್ಲಿ ಕಡಿದ ದಿಮ್ಮಿಗಳು ಕಾಳಿ ನದಿಯಲ್ಲಿ ತೇಲಿ ಬರುತ್ತಿದ್ದವು. ಅವಕ್ಕೆ ಸುತ್ತಿಗೆಯಿಂದ ನಂಬರು ಹೊಡೆಯುವುದು ಅವನ ಕೆಲಸ. ದಿಮ್ಮಿಯ ತೊಗಟೆಗೆ ಅಂಟಿ ಬಂದ ಬಂದಳಿಕೆಯನ್ನೆಲ್ಲ ಉಳಿದವರು ಕೆರೆದು ಸುಡುತ್ತಿದ್ದರು. ಇವನು ಜೇಬಿಗೆ ಹಾಕಿಕೊಂಡು ಮನೆಗೆ ತರುತ್ತಿದ್ದ. ಕೋಡಿಬಾಗದವರು ಅವನಿಗೆ 'ಬಂದಳಿಕೆ ಜಟ್ಟು' ಎಂದು ಹೆಸರಿಟ್ಟುಬಿಟ್ಟಿದ್ದರು.

ಸಂಜೆ ಹೀರಾ ತಪ್ಪೊಪ್ಪಿಕೊಳ್ಳಲು ಏಣಿ ಹತ್ತಿದಳು. ಹತ್ತಿದವಳು ಮೇಲಿನ ಮೆಟ್ಟಿಲಲ್ಲೇ ನಿಂತುಬಿಟ್ಟಳು.

ಒಂದು ಚಾಪೆ ಹಾಸಿದರೆ ಮುಗಿದುಹೋಗುವ ಕೋಣೆ. ಅದಕ್ಕೆ ಪೂರ್ವ ದಿಕ್ಕಿಗೆ ಒಂದೇ ಒಂದು ಕಿಟಕಿ. ಆ ಕಿಟಕಿಯ ಸರಳು ಸರಳಿಗೂ ದಾರ ಕಟ್ಟಿ, ಒಂದರ ಕೆಳಗೊಂದು ತೊಗಟೆಯ ಚೂರು, ತೆಂಗಿನ ಕರಟ, ಕಾಯಿಸಿಪ್ಪೆ ತೂಗುಹಾಕಿದ್ದ. ಯಾವುದೂ ಅಂಗೈಗಿಂತ ದೊಡ್ಡದಲ್ಲ. ಎಲ್ಲದರ ಮೇಲೂ ಅದೇ ಬೋಳು ಗಂಟುಗಳು.

"ಎಲ್ಲ ಮಲಗ್ಯಾವಾ?" ಅವಳ ದನಿ ತಾನಾಗಿ ಸಣ್ಣದಾಯಿತು.

"ಹೂಂ. ಮರದ ಮೇಲೆ ಬೆಳೆಯೂ ಸೀತಾಳಿ ಹೂವಿನ ಜಾತಿಯೇ. ಆದ್ರೆ ನೀವು ತಲೆಗೆ ಮುಡಿಯೂ ಸೀತಾಳಿ ಅಲ್ಲ, ಸಣ್ಣದು. ಮಳೆಗಾಲದಾಗೆ ಹೊಟ್ಟೆ ತುಂಬ ಕುಡೀತವೆ. ದೀಪಾವಳಿ ಕಳೀತಿದ್ದಂಗೆ ಎಲೆ ಉದರಸ್ತವೆ. ಆಮೇಲೆ ಉಪವಾಸ."

"ನೀರು ಹಾಕೂದಿಲ್ವಾ?"

"ಹಾಕೂಕಾಗೂದಿಲ್ಲ. ಹಾಕಿದ್ರೆ ಕೊಳೀತವೆ. ಬೆಳಗಿನ ಗಾಳಿಯ ತೇವ ಸಾಕು."

"ಇದು ಯಾವ ಊರ ನ್ಯಾಯ ಮಾರಾಯ್ರೆ! ಬಾಯಾರಿದವ್ರಿಗೆ ನೀರು ಕೊಡೂದಿಲ್ಲ ಅಂದ್ರೆ?"

ಅವನು ಮೊದಲ ಸಲ ನಕ್ಕ. ಸುಟ್ಟ ಕೈಯಿಂದ ಒಂದು ಕರಟವನ್ನು ಮೆಲ್ಲಗೆ ತಿರುಗಿಸಿ ಬೆಳಕಿಗೆ ಮಾಡಿದ. ಆ ಕೈಯನ್ನು ನೋಡಿ ಹೀರಾಳ ಎದೆಯೊಳಗೆ ಏನೋ ಹೊರಳಿತು. ಹಾಗೆ ಹೊರಳಿದ್ದು ಮತ್ತೆ ಮೊದಲಿನ ಜಾಗಕ್ಕೆ ಬರಲೇ ಇಲ್ಲ.

ಮಾಘ ಮಾಸದಲ್ಲಿ ಒಂದು ಬೆಳಗ್ಗೆ ಅವನು ಏಣಿಯ ತುದಿಯಿಂದ ಕರೆದ. "ಹೀರಾ, ಒಂಚೂರು ಮೇಲೆ ಬಾ."

ಎಲೆಯಿಲ್ಲದ ಬೋಳು ಗಂಟಿನ ತುದಿಯಲ್ಲಿ, ಅಕ್ಕಿಕಾಳಿಗಿಂತ ಸ್ವಲ್ಪವೇ ದೊಡ್ಡದಾದ ಬಿಳಿ ಹೂವು! ಒಂದಲ್ಲ, ನಾಲ್ಕು! ಹೀರಾ ಉಸಿರು ಬಿಗಿಹಿಡಿದು ಬಗ್ಗಿ ನೋಡಿದಳು. ಅವನು ಹೂವನ್ನು ನೋಡುತ್ತಿರಲಿಲ್ಲ. ಅವಳು ನೋಡುವುದನ್ನು ನೋಡುತ್ತಿದ್ದ.

'ಈಗ ಏನಾದರೂ ಹೇಳುತ್ತಾನೆ... ಈಗ...'

"ಮೂರು ವಾರ ನಿಲ್ತದೆ ಹೂವು," ಎಂದ ಅವನು. ಅಷ್ಟೇ!

ಆ ಮಳೆಗಾಲವೆಲ್ಲ ಅವಳು ಬುಟ್ಟಿ ಇಳಿಸಿದ ಕೂಡಲೇ ಏಣಿ ಹತ್ತುತ್ತಿದ್ದಳು. ಜಡಿಮಳೆಗೆ ಕಿಟಕಿಯ ಅರೆಬಾಗಿಲು ಎಷ್ಟು ತೆರೆಯಬೇಕು, ಕರಟದಲ್ಲಿ ಇದ್ದಲು ಎಷ್ಟು ಹಾಕಬೇಕು, ಒಲೆಯ ಹೊಗೆ ಮೇಲೇರಿದರೆ ಯಾವ ಗಿಡ ಮೊದಲು ಮುನಿಸಿಕೊಳ್ಳುತ್ತದೆ, ಎಲ್ಲ ಕಲಿತಳು. ಗಂಟುಗಳಿಂದ ಹಸಿರು ನಾಲಿಗೆಯಂಥ ಎಲೆಗಳು ಹೊರಟವು. "ಮಾಳಿಗೆಯವ್ರೆ," ಎಂದು ಅವಳು ಕರೆಯುವುದು, "ಹೂಂ," ಎಂದು ಅವನು ಅನ್ನುವುದು. ಬಂಗಡೆ ಸಾರಿನ ಬಟ್ಟಲು ಮೇಲೆ ಹೋಗುವುದು, ತೊಳೆದ ಬಟ್ಟಲು ಕೆಳಗೆ ಬರುವುದು. ಇಬ್ಬರೂ ಸಮುದ್ರದ ಮಕ್ಕಳೇ. ಜಾತಿ ಅಡ್ಡ ಬರುವ ಮಾತಿರಲಿಲ್ಲ. ಬರಬೇಕಾಗಿದ್ದದ್ದು ಒಂದು ಮಾತು ಮಾತ್ರ. ಅದು ಅವನ ಬಾಯಿಂದ ಬರಬೇಕಿತ್ತು.

ಬರಲಿಲ್ಲ!

ದೀಪಾವಳಿ ಕಳೆಯಿತು. ಎಲೆಗಳು ಹಳದಿಯಾಗಿ ಒಂದೊಂದೇ ಉದುರಿದವು. ಅದೇ ವಾರ ಜಟ್ಟಪ್ಪನಿಗೆ ನದಿಯ ಮೇಲ್ಭಾಗದ ಕದ್ರಾದ ಕಡೆ ಮರ ಕಡಿಯುವ ಬಿಡಾರಕ್ಕೆ ಹೋಗುವಂತೆ ಹುಕುಂ ಆಯಿತು. ಅವನು ಬಟ್ಟೆಬರೆಯ ಗಂಟು ಕಟ್ಟಿ ಏಣಿಯ ಬುಡದಲ್ಲಿ ನಿಂತ.

"ಸುಗ್ಗಿ ಹುಣ್ಣಿಮೆ ಒಳಗೆ ಬತ್ತೆ. ಬಿಡಾರದಾಗೆ ಬರೀ ಹೊಗೆ, ಗೆದ್ದಲು. ಗಿಡ ಅಲ್ಲಿ ಬದುಕೂದಿಲ್ಲ. ನಿನ್ನ ಕೈಲಿ ಬಿಟ್ಟು ಹೋತೆ."

"ನಾ ಎಂತ ಮಾಡ್ಬೇಕು?"

"ಏನೂ ಮಾಡ್ಬೇಡ. ನೀರು ಹಾಕ್ಬೇಡ, ಹೀರಾ. ನಿಂಗೆ ಕೈ ತಡೆಯೂದಿಲ್ಲ, ಗೊತ್ತದೆ ನಂಗೆ. ಆದ್ರೂ ಹಾಕ್ಬೇಡ."

"ಮತ್ತೆ...?" ಅವಳು ಏಣಿಯನ್ನು ಹಿಡಿದುಕೊಂಡಳು. "ಮತ್ತೆ ಹೇಳೂದು ಏನೂ ಇಲ್ವಾ?"

ಅವನು ಅವಳನ್ನು ನೋಡಿದ. ತುಟಿ ಅಲುಗಿತು. ಆಮೇಲೆ ತಲೆ ಬಗ್ಗಿಸಿ, "ಇಲ್ಲ," ಎಂದು ಹೊಳೆಯ ದಾರಿ ಹಿಡಿದ.

ಹೀರಾಳಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ನಿಮಗಾದರೂ ಹೇಳಿಬಿಡುತ್ತೇನೆ, ಹೊಟ್ಟೆಯಲ್ಲಿಟ್ಟುಕೊಳ್ಳಲು ನನ್ನಿಂದಾಗದು. ಹೀರಾ ಬಂದ ವಾರದಲ್ಲೇ ದುರ್ಗಿ ಜಟ್ಟಪ್ಪನಿಗೆ, "ನಮ್ಮ ಹುಡುಗಿಗೆ ಊರಾಗೆ ಮದ್ವೆ ಮಾತಾಗ್ಯದೆ," ಎಂದುಬಿಟ್ಟಿದ್ದಳು! ಜಟ್ಟಪ್ಪನಿಗೆ ಮಾತ್ರವಲ್ಲ. ಬುಟ್ಟಿಗೆ ಮೀನು ಹಾಕುವ ದೋಣಿಯವರಿಗೆ, ಹೊಳೆ ದಾಟಿಸುವ ತಾರಿಯ ಹುಡುಗರಿಗೆ, ಪೇಟೆಯಲ್ಲಿ ಎರಡು ಸಲ ತಿರುಗಿ ನೋಡಿದ ಎಲ್ಲರಿಗೂ ಅವಳು ಹಾಗೆಯೇ ಹೇಳಿದ್ದಳು. ಪ್ರಾಯದ ಹುಡುಗಿಯನ್ನು ಮನೆಯಲ್ಲಿಟ್ಟುಕೊಂಡ ಒಂಟಿ ಹೆಂಗಸಿಗೆ ಅದಕ್ಕಿಂತ ಗಟ್ಟಿ ಬೇಲಿ ಇನ್ನೊಂದಿಲ್ಲ. ಉಳಿದವರು ಕೇಳಿ ನಕ್ಕು ಮರೆತರು. ಈ ಮಳ್ಳ ಮಾತ್ರ ನಿಜವೆಂದು ನಂಬಿ, ಬಾಯಿಗೆ ಬೀಗ ಹಾಕಿಕೊಂಡು, ಕದ್ರಾದ ಕಾಡು ಸೇರಿದ್ದ.

ಹೀರಾ ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆಯೊಳಗೆ ತಿರುಗಿದಳು. ಬುಟ್ಟಿ ಹೊತ್ತು ಪೇಟೆಗೆ ಹೋದರೆ ದಾರಿ ಸಾಗದು, ಮನೆಗೆ ಬಂದರೆ ಹೊತ್ತು ಹೋಗದು. ದಿನಕ್ಕೆ ಹತ್ತು ಸಲ ಏಣಿ ಹತ್ತುವಳು. ಬೋಳು ಗಂಟುಗಳನ್ನು ದಿಟ್ಟಿಸುವಳು. ಇಳಿಯುವಳು. ಮತ್ತೆ ಹತ್ತುವಳು!

'ಏನೂ ಮಾಡಬೇಡ ಅಂದ. ಏನೂ ಮಾಡದೆ ಇರುವುದು ಹೇಗೆ? ಇವು ನಿಜಕ್ಕೂ ಮಲಗಿವೆಯೋ... ಸತ್ತಿವೆಯೋ? ಅವನ ಮನಸ್ಸಿನಲ್ಲಿ ನಾನು ಇದ್ದೇನೆಯೋ... ಇಲ್ಲವೋ?'

ಹೋದ ವರ್ಷವೂ ಇವು ಹೀಗೇ ಇದ್ದವು. ಅವಳಿಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೆ ಹೋದ ವರ್ಷ ಪಕ್ಕದಲ್ಲಿ ಅವನಿದ್ದ.

"ಗಂಟು ಸುಕ್ಕು ಬಿದ್ದದೆ ಮಾವಶಿ," ಎಂದಳು ಒಂದು ದಿನ.

ದುರ್ಗಿ ಮೀನು ಕೊಯ್ಯುತ್ತ ಕೂತಿದ್ದಳು. ಅವಳಿಗೆ ಗೊತ್ತಿದ್ದ ಮದ್ದು ಒಂದೇ. ಆ ಕರಾವಳಿಯ ಎಲ್ಲ ಮನೆಯಲ್ಲೂ ತೆಂಗಿಗೆ, ಮಲ್ಲಿಗೆಗೆ, ಬಸಳೆಗೆ ಹಾಕುವ ಮದ್ದು. "ಮೀನು ತೊಳದ ನೀರು ಹಾಕು. ಮೂರು ದಿನಕ್ಕೆ ಚಿಗುರದಿದ್ರೆ ನನ್ನ ಹೆಸರು ದುರ್ಗಿ ಅಲ್ಲ!"

ಹೀರಾ ಚೊಂಬು ಹಿಡಿದು ಕಿಟಕಿಯ ಮುಂದೆ ನಿಂತಳು. 'ನೀರು ಹಾಕ್ಬೇಡ, ಹೀರಾ...' ಕಿವಿಯಲ್ಲಿ ಅವನ ದನಿ. ಗೊತ್ತಿತ್ತು, ಎಲ್ಲ ಗೊತ್ತಿತ್ತು! ಆದರೆ ಸುಮ್ಮನಿರುವುದಕ್ಕಿಂತ ತಪ್ಪು ಮಾಡುವುದೇ ಹಗುರ ಅನ್ನಿಸಿತು ಆ ಗಳಿಗೆ. ಹಾಕಿಯೇಬಿಟ್ಟಳು. ಮರುದಿನವೂ ಹಾಕಿದಳು.

ಆರನೆಯ ದಿನ ಒಂದು ಗಂಟನ್ನು ಮುಟ್ಟಿದರೆ ಬೆರಳಿಗೆ ಕಂದು ನೀರು ಒಸರಿತು. ಪಕ್ಕದ್ದೂ ಹಾಗೇ. ಅದರ ಕೆಳಗಿನದೂ! ಕೋಣೆಯ ತುಂಬ ಕೊಳೆತ ವಾಸನೆ. ಹೀರಾ ಅಲ್ಲೇ ಕುಸಿದು ಕೂತು ಅತ್ತಳು. ಅರ್ಧಕ್ಕರ್ಧ ಗಿಡ ಹೋಗಿತ್ತು.

ಬಿದ್ದವರ ಮೇಲೆ ಕಲ್ಲು ಬಿದ್ದ ಹಾಗೆ, ಮಾಘದ ಮೊದಲಲ್ಲಿ ಹಾರವಾಡದಿಂದ ಅವಳ ಅಪ್ಪ ಕುಪ್ಪ ಬಂದ.

"ಮಾಜಾಳಿಯ ಹುಲಿಯಾ ಅಂತ ಹುಡುಗ. ಸ್ವಂತ ದೋಣಿ ಅದೆ, ಕುಡಿತ ಇಲ್ಲ. ಮುಂದಿನ ಶುಕ್ರವಾರ ಅವ್ರ ಮನೆಯವ್ರು ಹಾರವಾಡಕ್ಕೆ ಬತ್ತಾರೆ. ಆ ದಿನ ನಾವು ವೀಳ್ಯ ತಕ್ಕಂಡ್ರೆ ಮಾತು ಮುಗದಂಗೆ." ಕುಪ್ಪ ಮಗಳ ಮುಖ ನೋಡಿದ. ಒರಟು ಮನುಷ್ಯ, ಆದರೆ ಕಣ್ಣು ಚುರುಕು. "ನಿನ್ನ ಮನಸಾಗೆ ಯಾರಾದ್ರೂ ಇದ್ರೆ ಈಗ ಹೇಳು ಮಗಾ. ಆಮೇಲೆ ಹೇಳ್ಬೇಡ."

ಹೀರಾಳ ನಾಲಿಗೆಯ ತುದಿಗೆ ಹೆಸರು ಬಂದಿತ್ತು. 'ಯಾವ ಧೈರ್ಯದ ಮೇಲೆ ಹೇಳಲಿ? ಅವನು ನನಗೆ ಏನಂದಿದ್ದಾನೆ? ಮೂರು ವಾರ ಹೂವು ನಿಲ್ಲುತ್ತದೆ ಅಂದಿದ್ದಾನೆ!'

"ಯಾರೂ ಇಲ್ಲ ಅಪ್ಪಾ," ಎಂದಳು.

ಆದರೂ ಮನಸ್ಸು ತಡೆಯಲಿಲ್ಲ. ಕದ್ರಾಕ್ಕೆ ಅಕ್ಕಿ ಹೊತ್ತು ಹೋಗುವ ದೋಣಿಯ ರಾಮಾನನ್ನು ಹೊಳೆದಂಡೆಯಲ್ಲಿ ಹಿಡಿದಳು. "ಜಟ್ಟಪ್ಪ ಸಿಕ್ರೆ ಹೇಳು. ಗಿಡ ಕೊಳೀತಾ ಅದೆ. ಮತ್ತೆ... ಶುಕ್ರವಾರ ನನ್ನ ಕೇಳೂಕೆ ಮಾಜಾಳಿಯವ್ರು ಬತ್ತಾರೆ. ಎರಡೂ ಹೇಳು. ಎರಡನೇದು ಮರೀಬೇಡ ರಾಮಾ!"

ನಾಲ್ಕನೆಯ ದಿನ ರಾಮಾ ಮರಳಿದ. ಹೀರಾ ಮೊಣಕಾಲುದ್ದ ನೀರಿಗಿಳಿದು ದೋಣಿಯ ಅಂಚು ಹಿಡಿದಳು.

"ಎಂತ ಅಂದ?"

"ಕೊಳೆತದ್ದು ಬಿಸಾಕಿ ಉಳದದ್ದು ಒಣಗಸು ಅಂದ."

"ಎರಡನೇದಕ್ಕೆ?"

ರಾಮಾ ತಲೆ ಕೆರೆದುಕೊಂಡ. "ಗೊತ್ತಿದ್ದದ್ದೇ, ಒಳ್ಳೇದಾಗ್ಲಿ ಅಂದ. ಮತ್ತೇನೂ ಹೇಳಿಲ್ಲ. ಕೊಡಲಿ ಹಿಡದು ಒಳಗೆ ಹೋದ."

ಒಳ್ಳೇದಾಗ್ಲಿ!

ಆ ದಿನ ಹೀರಾ ಅಳಲಿಲ್ಲ. ಉಳಿದ ಗಿಡಗಳನ್ನು ಬುಟ್ಟಿಯಲ್ಲಿ ಸೋಗೆಯ ನಡುವೆ ಜೋಡಿಸಿ, ಅಪ್ಪನ ಜೊತೆ ಅಂಕೋಲೆಯ ಮೋಟಾರು ಹತ್ತಿದಳು. ಬಿಣಗಾ ಘಟ್ಟ ಏರಿ, ಅಮದಳ್ಳಿ ದಾಟಿ, ಅವರ್ಸಾದಲ್ಲಿ ಇಳಿಯುವ ತನಕ ಬುಟ್ಟಿಯನ್ನು ತೊಡೆಯಿಂದ ಕೆಳಗಿಡಲಿಲ್ಲ. ದುರ್ಗಿಯೂ ಕುಂಟುತ್ತ ಹಿಂದೆ ಬಂದಳು. ತಂಗಿಯಿಲ್ಲದ ಮನೆಯಲ್ಲಿ ವೀಳ್ಯದ ದಿನ ಒಂದು ಹೆಣ್ಣು ಜೀವ ಬೇಡವೇ?

ಶುಕ್ರವಾರ ಬೆಳಗ್ಗೆ ಹಾರವಾಡದ ಮನೆಯಂಗಳಕ್ಕೆ ಸಗಣಿ ಸಾರಿಸಿ ಆಗಿತ್ತು. ನೆರೆಮನೆಯ ಮಾದೇವಿ ಅಬ್ಬಲಿಗೆಯ ದಂಡೆ ತಂದು ಹೀರಾಳ ತುರುಬಿಗೆ ಮುಡಿಸಿ ಹೋಗಿದ್ದಳು. ಹೀರಾ ಹಸಿರು ಸೀರೆಯುಟ್ಟು ಹಿತ್ತಿಲ ಕಿಟಕಿಗೆ ಕಟ್ಟಿದ ಗಿಡಗಳ ಮುಂದೆ ನಿಂತಿದ್ದಳು. ಹೊರಗೆ ನಿಂತರೆ ಒಳಗೆ ಹೋಗುವ ಆಸೆ, ಒಳಗೆ ಹೋದರೆ ಹೊರಗೆ ಓಡುವ ಆಸೆ.

"ಹೀರಾ."

ಅವಳು ಬೆಚ್ಚಿ ತಿರುಗಿದಳು. ಬೇಲಿಯಾಚೆ ಜಟ್ಟಪ್ಪ! ಗಡ್ಡ ಬೆಳೆದಿತ್ತು. ಕಣ್ಣು ಒಳಗೆ ಹೋಗಿತ್ತು. ಅಂಗಿಗೆ ಕಾಡಿನ ಮಣ್ಣು. ಕಂಕುಳಲ್ಲಿ ಕಾಗದದಲ್ಲಿ ಸುತ್ತಿದ ಒಂದು ಗಂಟು.

'ಬಂದ! ಬಂದೇಬಿಟ್ಟ!'

"ಕೋಡಿಬಾಗದ ಮನೆಗೆ ಬೀಗ ಇತ್ತು. ಗಿಡ ತಕ್ಕಂಡ್ ಹೋಗೂಕೆ ಇಲ್ಲಿಗೇ ಬಂದೆ," ಎಂದ ಅವನು ನೆಲ ನೋಡುತ್ತ. "ಮತ್ತೆ... ಇದು ನಿಂಗೆ. ಸೀರೆ. ಮದ್ವೆಗೆ."

ಬಂದ ಜೀವ ಹೋಯಿತು. ಹೀರಾ ಕಿಟಕಿಯ ಸರಳಿಂದ ಒಂದು ಕರಟವನ್ನು ಕಿತ್ತು ಅವನ ಎದೆಗೆ ಒತ್ತಿದಳು.

"ತಕ! ತಕಂಡ್ ಹೋಗು ನಿನ್ನ ಗಿಡ! ಅರ್ಧ ಸತ್ತಾವೆ. ನಾನೇ ಕೊಂದೆ. ಮೀನು ತೊಳದ ನೀರು ಹಾಕಿ ಕೊಂದೆ, ಗೊತ್ತಿದ್ದೂ ಕೊಂದೆ!" ಇಷ್ಟು ದಿನದ 'ನೀವು' ಎಲ್ಲೋ ಹಾರಿಹೋಗಿತ್ತು. "ಬೈಯಿ! ಈಗಾದ್ರೂ ಬಾಯಿ ಬಿಟ್ಟು ಬೈಯಿ!"

"ಗಿಡ ಹೋದ್ರೆ ಹೋತು..."

"ನಂಗೆ ಒಳ್ಳೇದಾಗ್ಲಿ ಅಂದ್ಯಲ್ಲ, ನೀ ಯಾರು ಹೇಳೂಕೆ? ವರ್ಷಗಟ್ಲೆ ಎದುರು ಕೂರಸ್ಕಂಡು ಒಂದು ಮಾತಾಡಿಲ್ಲ. ಸುಮ್ನೆ ಬಿಟ್ರೆ ತಾನಾಗಿ ಹೂವು ಬಿಡ್ತದೆ ಅಂದ್ಕಂಡ್ಯಾ? ನಾ ನಿನ್ನ ಸೀತಾಳಿ ಅಲ್ಲ ಜಟ್ಟಪ್ಪ! ನಂಗೆ ಬಾಯಾರ್ತದೆ! ನಾ ಒಣಗಿ ಒಣಗಿ..."

ದನಿ ಒಡೆಯಿತು. ಅವಳು ಸೆರಗು ಬಾಯಿಗೊತ್ತಿಕೊಂಡಳು.

ಜಟ್ಟಪ್ಪನ ಮುಖ ಬಿಳಿಚಿಕೊಂಡಿತ್ತು. "ಮಾತಾದ ಹುಡುಗಿಗೆ ನಾ ಎಂತ ಹೇಳೂದಿತ್ತು ಹೀರಾ? ಬೇರೆಯವ್ರ ಮನೆಗೆ ಗೊತ್ತಾದವಳ ಹತ್ರ ಬಾಯಿ ಬಿಟ್ರೆ ನಾ ಮನುಷ್ಯನಾ?"

"ಮಾತಾದ ಹುಡುಗಿ? ಯಾವ ಮಾತು? ಮಾಜಾಳಿಯವ್ರು ಬರೂದೇ ಇವತ್ತು!"

"ಹೋದ ವರ್ಷವೇ ಆಗ್ಯದೆ ಅಂತ... ನೀ ಬಂದ ವಾರವೇ ಹೇಳಿದ್ರಲ್ಲ."

"ಯಾರು?"

ಅವನು ಹಿತ್ತಿಲ ಬಾಗಿಲ ಕಡೆ ನೋಡಿದ. ಅಲ್ಲಿ ಗಲಾಟೆ ಕೇಳಿ ಬಂದ ದುರ್ಗಿ, ಹಿಂದೆ ಕುಪ್ಪ. ದುರ್ಗಿಯ ಕೈಯಲ್ಲಿದ್ದ ವೀಳ್ಯದೆಲೆಯ ತಟ್ಟೆ ಓರೆಯಾಯಿತು.

"ಅಯ್ಯೋ ಮಳ್ಳ...!" ಎಂದಳು ದುರ್ಗಿ. "ಅದು ಎಲ್ಲರಿಗೂ ಹೇಳೂ ಮಾತಲ್ದಾ! ತಾರಿಯ ಹುಡುಗ್ರಿಗೂ ಹೇಳ್ದೆ, ದೋಣಿಯವ್ರಿಗೂ ಹೇಳ್ದೆ. ಹುಡುಗಿ ಸುತ್ತ ಯಾರೂ ಸುಳೀಬಾರ್ದು ಅಂತ. ನೀ ಅದನ್ನ ಗಂಟು ಕಟ್ಕಂಡು ಕಾಡಿಗೆ ಹೋದ್ಯಾ?"

ದೂರದಲ್ಲಿ ಸಮುದ್ರ ಮೊರೆಯುತ್ತಿತ್ತು.

ಹೀರಾ ಮೆಲ್ಲಗೆ ಸೆರಗು ಕೆಳಗಿಳಿಸಿದಳು. ಎಷ್ಟು ದಿನದ ಸಂಕಟ... ಎಷ್ಟು ಏಣಿ ಹತ್ತಿಳಿದದ್ದು... ಎಲ್ಲ ಮಾವಶಿಯ ಒಂದು ಸುಳ್ಳಿಗೆ! ನಗಬೇಕೋ, ಅಳಬೇಕೋ?

"ಹಂಗಾರೆ ಈಗ ಹೇಳು," ಎಂದಳು. "ಈಗ ಯಾರ ಮಾತೂ ಆಗಿಲ್ಲ. ನನ್ನ ಅಪ್ಪ ಇಲ್ಲೇ ನಿಂತಾನೆ. ಹೇಳು."

ಬೆಂಕಿಗೆ ಕೈ ಹಾಕುವಾಗ ಹಿಂದೆಮುಂದೆ ನೋಡದವನು, ಈಗ ಒಂದು ಮಾತಿಗೆ ಬೆವರುತ್ತಿದ್ದ.

"ನಂಗೆ... ಮಾತಾಡೂಕೆ ಬರೂದಿಲ್ಲ ಹೀರಾ."

"ಬಂದಷ್ಟು ಹೇಳು."

"ನೀ ಇಲ್ದೆ..." ಅವನು ನಿಂತ. ಕುಪ್ಪನ ಕಡೆ ನೋಡಿದ, ಮತ್ತೆ ಅವಳ ಕಡೆ. "ಕದ್ರಾದಾಗೆ ದಿನಾ ಬೆಳಗ್ಗೆ ಎದ್ದು ಕರೀತಿದ್ದೆ. ಹೀರಾ, ಒಂಚೂರು ಬಾ ಅಂತ. ಅಲ್ಲಿ ಯಾರಿರ್ತಾರೆ? ಸಂಗಡದವ್ರು ನಗೂರು. ರಾಮಾ ಬಂದು ಹೇಳಿದ ಮೇಲೆ ಮೂರು ದಿನ ಊಟ ಸೇರಿಲ್ಲ. ಗಿಡದ ನೆವ ಹೇಳಿ ಬಂದೆ. ಗಿಡಕ್ಕೆ ಬಂದದ್ದಲ್ಲ. ಒಂದ್ಸಲ ನೋಡೂಕೆ ಬಂದದ್ದು. ನಂಗೆ ನೀ ಬೇಕು. ಅಷ್ಟೇ. ಬೇರೆ ಎಂತದೂ ಗೊತ್ತಿಲ್ಲ."

ಅಷ್ಟೇ ಸಾಕಿತ್ತು. ವರ್ಷದಿಂದ ಅವಳು ಕಾದದ್ದು ಅಷ್ಟಕ್ಕೇ. ಹೀರಾಳ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ.

"ಅಪ್ಪಾ," ಎಂದಳು, ಅವನ ಮೇಲಿಂದ ಕಣ್ಣು ತೆಗೆಯದೆ. "ಆ ದಿನ ಯಾರೂ ಇಲ್ಲ ಅಂದೆ. ಅಂವ ಹೇಳಿರಲಿಲ್ಲ, ಅದ್ಕೆ ಅಂದೆ. ಈಗ ಇದ್ದಾನೆ."

ಕುಪ್ಪ ಗಡ್ಡ ಕೆರೆದುಕೊಂಡ. ಒಮ್ಮೆ ಮಗಳನ್ನು ನೋಡಿದ, ಒಮ್ಮೆ ಮಣ್ಣಂಗಿಯ ಹುಡುಗನನ್ನು. "ಯಾರ ಮಗ ನೀನು?"

"ಕೋಡಿಬಾಗದ ಬೀರಪ್ಪನ ಮಗ. ಅಪ್ಪ ಇಲ್ಲ."

"ಬೀರಪ್ಪನ ಸಂಗಡ ಒಂದು ವರ್ಷ ಬಲೆ ಎಳದೆ ನಾನು. ಅಂವನೂ ಹಿಂಗೇ. ಬಾಯಿಗೆ ಬೀಗ." ಕುಪ್ಪ ನಿಟ್ಟುಸಿರು ಬಿಟ್ಟ. "ಮಾಜಾಳಿಯವ್ರು ಇನ್ನೇನು ಅವರ್ಸಾದಾಗೆ ಇಳೀತಾರೆ. ಮರ್ಯಾದಸ್ಥರು. ವೀಳ್ಯ ತಕ್ಕಂಬೂ ಮೊದಲೇ ಹೇಳಿದ್ರೆ ಯಾರಿಗೂ ಅವಮಾನ ಇಲ್ಲ. ಹೇಳೂದು ಯಾರು?"

ಎಲ್ಲರ ಕಣ್ಣೂ ದುರ್ಗಿಯ ಕಡೆ ಹೊರಳಿತು.

"ನಾನಾ? ನನ್ನ ಮೊಣಕಾಲು...!"

"ಊರಿಗೆಲ್ಲ ಹೇಳಿದ್ದನ್ನ ಅವ್ರಿಗೂ ಹೇಳು," ಎಂದ ಕುಪ್ಪ. "ಹುಡುಗಿಗೆ ಮಾತಾಗ್ಯದೆ ಅಂತ. ಇವತ್ತು ನಿಜವೇ ಹೇಳ್ದಂಗಾತು. ನಾನೂ ಬತ್ತೆ ನಡಿ. ಕೈ ಮುಗದು ಕ್ಷಮೆ ಕೇಳ್ವ."

ದುರ್ಗಿ ಗೊಣಗುತ್ತ, ಕುಂಟುತ್ತ, ಆದರೆ ಸೆರಗಿನ ಮರೆಯಲ್ಲಿ ನಗುತ್ತ ಹೊರಟಳು. ಬೇಲಿಯ ದಣಪೆ ದಾಟಿದ ಮೇಲೂ ಅವಳ ದನಿ ಕೇಳುತ್ತಿತ್ತು.

ಹಿತ್ತಿಲಲ್ಲಿ ಇಬ್ಬರೇ ಉಳಿದರು. ಇಬ್ಬರಿಗೂ ಈಗ ನಾಚಿಕೆ. ಹೀರಾ ಕಿಟಕಿಯ ಗಿಡಗಳ ಕಡೆ ತಿರುಗಿ ಸುಮ್ಮಸುಮ್ಮನೆ ಒಂದು ದಾರ ಬಿಚ್ಚಿ ಕಟ್ಟತೊಡಗಿದಳು.

"ಸಿಟ್ಟಿಲ್ವಾ?" ಎಂದಳು. "ಅರ್ಧ ಗಿಡ ಹೋತು."

"ಅದೆ ಸಿಟ್ಟು."

"ಅದೆಯಾ!"

"ಹೂಂ. ಮಳೆಗಾಲದ ತನಕ ಇರ್ತದೆ." ಅವನು ಹತ್ತಿರ ಬಂದು ನಿಂತ. "ಆದ್ರೆ ಒಂದು ಲೆಕ್ಕದಾಗೆ ಒಳ್ಳೇದೇ ಆತು. ಮಾಳಿಗೆ ಒಂದೇ ಕೋಣೆ. ಒಂದೇ ಕಿಟಕಿ. ಇಬ್ಬರಿಗೆ ಬೆಳಕು ಸಾಲೂದಿಲ್ಲ ಅಂತ ಬರೂ ದಾರಿಯಾಗೆ ಯೋಚನೆ ಮಾಡ್ತಾ ಬಂದೆ."

"ಸೀರೆ ಕೊಟ್ಟು ಹೋಗೂಕೆ ಬಂದವ ಅದನ್ನೆಂತಕೆ ಯೋಚನೆ ಮಾಡ್ದೆ?"

ಜಟ್ಟಪ್ಪ ಸಿಕ್ಕಿಬಿದ್ದ. ಕಿವಿಯ ತನಕ ಕೆಂಪಾದ. ಹೀರಾ ನಕ್ಕಳು, ಎಷ್ಟೋ ತಿಂಗಳ ಮೇಲೆ, ಹೊಟ್ಟೆ ತುಂಬ.

"ಅರ್ಧ ಕಿಟಕಿ ಖಾಲಿ ಬಿಡ್ತೆ," ಎಂದ ಅವನು. "ಹೊಸ ಗಿಡ ತರೂದಿಲ್ಲ. ಆ ಅರ್ಧ ನಿಂದು."

"ಅರ್ಧ ಕಿಟಕಿ ಇಟ್ಕಂಡು ನಾ ಎಂತ ಮಾಡ್ಲಿ?"

"ನಿಂತ್ಕ. ನಾ ಡಿಪೋದಿಂದ ಬರೂದು ಕಾಣ್ತದೆ."

"ಸುಮ್ನೆ ನಿಲ್ಲೂಕೆ ನಂಗೆ ಬರೂದಿಲ್ಲ. ಗೊತ್ತಲ್ಲ?"

"ಹಂಗಾರೆ ಕೂಗು," ಎಂದ ಜಟ್ಟಪ್ಪ. "ದಾರಿ ತುಂಬ ಕೇಳೂ ಹಂಗೆ ಕೂಗು. ನಾನೂ ಅಲ್ಲಿಂದಲೇ ಓಗೊಡ್ತೆ."